ಒಂದು ತೊಟ್ಟು ಅಂಟು ಹಾಕಬಾರದಾ?

ತೀರಿಹೋದವರ ನೆನಪಿಗೋ ಬದುಕಿನ ದಾರಿಯ ಗುರುತಿಗೋ ಅಂಟಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ನಿಲ್ಲಿಸುವ ಕಲೆಯೊಂದಿದೆ. ಹಾಗೆ ಪೇರಿಸಿದ್ದನ್ನು ಕಂಡವರೆಲ್ಲ ಕೇಳುವುದು ಇದನ್ನೇ: “ತೀರಿಹೋದವರ ನೆನಪಿಗೆ ಅಂತೀರಿ, ಬದುಕಿನ ದಾರಿ ಅಂತೀರಿ. ಬೆಕ್ಕು ಹಾದರೆ ಬಿದ್ದೋಗುತ್ತಲ್ಲ ಸಾರ್, ಒಂದು ತೊಟ್ಟು ಅಂಟು ಹಾಕಬಾರದಾ?”

ಬೇಡ. ಅಳಿಯದ ಗುರುತೇ ಬೇಕಿದ್ದರೆ ಅದಕ್ಕೆ ನೆಟ್ಟ ಕಲ್ಲಿದೆ. ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 10ನೇ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಇವತ್ತಿಗೂ ಓದಲು ಸಿಗುತ್ತದೆ. ಪೇರಿಸುವ ಕಲೆಯಲ್ಲಿ ನೆನಪಿಗೆ ಸಿಗುವುದು ಜೋಡಿಸುವಷ್ಟು ಹೊತ್ತು ಮಾತ್ರ. ಒಂದು ಕಲ್ಲು ಕೂರಲು ಹತ್ತು ನಿಮಿಷ ಹಿಡಿದರೆ ಆ ಹತ್ತು ನಿಮಿಷ ಕೈಗೂ ಮನಸ್ಸಿಗೂ ಬೇರೆ ಕೆಲಸವಿಲ್ಲ. ಅಂಟು ಆ ಹೊತ್ತನ್ನೇ ನುಂಗಿಬಿಡುತ್ತದೆ.

ಹಾಗಾದರೆ ನಿಲ್ಲುವುದು ಹೇಗೆ? ಮೂರು ಚುಕ್ಕೆಗಳ ಮೇಲೆ. ಒಲೆಗೆ ಮೂರು ಗುಂಡು ಇಟ್ಟಂತೆ, ಮೇಲಿನ ಕಲ್ಲು ಕೆಳಗಿನದನ್ನು ಮೂರು ಕಡೆ ಕಚ್ಚಬೇಕು. ಅದರ ಭಾರದ ನಡುಗೆರೆ, ಅಂದರೆ ತೂಕದ ನಡುವಿನಿಂದ ನೇರ ಕೆಳಗೆ ಎಳೆದ ಗೆರೆ, ಆ ಮೂರರ ಒಳಗೇ ಇಳಿಯಬೇಕು. ಎರಡೇ ಕಡೆ ಕಚ್ಚಿದರೆ ತೊಟ್ಟಿಲಿನಂತೆ ತೂಗುತ್ತದೆ. ಚಾಮುಂಡಿ ಬೆಟ್ಟದ ಗ್ರಾನೈಟಿನಂಥ ತರಿತರಿ ಕಲ್ಲಿನಲ್ಲಿ ಕಚ್ಚಲು ಸಣ್ಣ ಕುಳಿಗಳು ಸಿಗುತ್ತವೆ, ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಗಳಲ್ಲಿ ಕಡಿಮೆ.

ಮೊದಲ ಸಲಕ್ಕೆ ಐದು ಕಲ್ಲು ಸಾಕು, ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದವು. ಒಣಗಿರಲಿ. ಪಾದದ ಕಲ್ಲು ಮರಳಿನ ಮೇಲೆ ಬೇಡ, ಬಂಡೆಯ ಮೇಲಿಡಿ. ಮಣ್ಣು ಒರೆಸಿ: ನಡುವೆ ಸಿಕ್ಕಿದ ಒಂದು ಮರಳಿನ ಕಣ ಗೋಲಿಯಂತೆ ಉರುಳಿ ಎಲ್ಲ ಕೆಡಿಸುತ್ತದೆ. ಕಲ್ಲನ್ನು ಬೆರಳ ತುದಿಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ಕೂತಾಗ ಕೈಗೆ ತಿಳಿಯುತ್ತದೆ, ಭಾರ ಇಳಿದುಹೋಗುತ್ತದೆ. ಆಮೇಲೆ ಎರಡೂ ಕೈ ಒಟ್ಟಿಗೆ, ಮೆಲ್ಲಗೆ ಬಿಡಿ. ಬಹಳಷ್ಟು ಸಲ ಬೀಳುವುದು ಇಲ್ಲೇ, ಒಂದು ಹೆಬ್ಬೆರಳು ಹಿಂದೆ ಉಳಿದು ಕಲ್ಲನ್ನು ತಳ್ಳಿರುತ್ತದೆ.

ಬದುಕಿನ ದಾರಿ ತೋರಿಸಲು, ಬಾಲ್ಯಕ್ಕೆ ದೊಡ್ಡ ಕಲ್ಲು, ಮುಪ್ಪಿಗೆ ಚಿಕ್ಕದು ಎಂದು ಗೋಪುರದಂತೆ ಜೋಡಿಸುವವರೇ ಹೆಚ್ಚು. ನೋಡಲು ಚೆಂದ, ಆದರೆ ಸಪ್ಪೆ. ನಡುವೆ ಒಂದು ಕಲ್ಲನ್ನು ಬಲಕ್ಕೆ ಚಾಚಿಸಿ ನೋಡಿ: ಮೇಲಿನದನ್ನು ಎಡಕ್ಕೆ ಸರಿಸಿಟ್ಟರೆ ಮಾತ್ರ ಅದು ನಿಲ್ಲುತ್ತದೆ. ಆ ಮೇಲಿನ ಕಲ್ಲು ತೆಗೆಯಿರಿ, ಕೆಳಗಿನದೂ ಉರುಳುತ್ತದೆ. ಬದುಕಿನ ದಾರಿ ಎಂಬ ಮಾತಿಗೆ ಅರ್ಥ ಬರುವುದು ಈ ಸೊಟ್ಟದಲ್ಲಿ.

ಕಲ್ಲು ಎಲ್ಲಿಂದ? ನೀರೊಳಗಿನದು ಬೇಡ, ಅದರ ಅಡಿಯಲ್ಲಿ ಹುಳು, ಮೀನಿನ ಮೊಟ್ಟೆ ಇರುತ್ತವೆ. ಶ್ರೀರಂಗಪಟ್ಟಣದ ಕೋಟೆಯಿಂದ ಬಿದ್ದದ್ದಂತೂ ಮುಟ್ಟಲೇಬೇಡಿ. ಕ್ವಾರಿಯ ಚೂರು, ಮನೆ ಕಟ್ಟಿ ಉಳಿದ ಸೈಜುಕಲ್ಲಿನ ತುಂಡು ಸಾಕು. ಮಕ್ಕಳು ಓಡಾಡುವ ಜಾಗವಾದರೆ ಮೊಣಕಾಲೆತ್ತರ ಮೀರಬೇಡಿ. ಮುಗಿದ ಮೇಲೆ ಫೋಟೊ ತೆಗೆದು, ಮೇಲಿನಿಂದ ಒಂದೊಂದೇ ಇಳಿಸಿ, ಎತ್ತಿಕೊಂಡ ಜಾಗದಲ್ಲೇ ಮೊದಲು ಮಣ್ಣು ಮೆತ್ತಿದ್ದ ಬದಿ ಕೆಳಗಾಗಿ ಇಡಿ.