ಒಂಬತ್ತಕ್ಕೂ ಹತ್ತಕ್ಕೂ ಅಷ್ಟೊಂದು ವ್ಯತ್ಯಾಸವಾ?

ನಾನು ಸ್ಪೋರ್ಟ್ಸ್ ಕಾರ್ಡ್, ಅಂದರೆ ಆಟಗಾರರ ಚಿತ್ರ ಅಚ್ಚಾದ ಕಾರ್ಡ್, ಕೂಡಿಡುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಒಂದೇ ಪ್ರಶ್ನೆ ಕೇಳುತ್ತಾರೆ. ಮುಂಬೈಯ ಮಾಟುಂಗಾದ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ, ಡೊಂಬಿವ್ಲಿ ಲೋಕಲ್‌ನಲ್ಲಿ ಜೋತು ನಿಂತಾಗ, ಆಫೀಸಿನಲ್ಲಿ ಚಹಾ ಕುಡಿಯುವಾಗ. "ಅದೇ ಆಟಗಾರ, ಅದೇ ಕಾರ್ಡ್. ಒಂದಕ್ಕೆ 9, ಇನ್ನೊಂದಕ್ಕೆ 10 ಅಂಕ ಅಂತ ಬರೆದಿದ್ದಾರೆ ಅಷ್ಟೇ. ಅದಕ್ಕೆ ಹತ್ತು ಪಟ್ಟು ದುಡ್ಡು ಕೊಡೋದು ಸರೀನಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪುರುಸೊತ್ತಿಲ್ಲದವರು ಇಷ್ಟು ಓದಿದರೆ ಸಾಕು. ಕಾರ್ಡ್ ಹಳೆಯದು, ಚೆನ್ನಾಗಿ ಉಳಿದದ್ದು ನಿಜಕ್ಕೂ ಕಡಿಮೆ ಎಂದಾದರೆ ಹೆಚ್ಚು ಬೆಲೆ ಸರಿ. ಮೊನ್ನೆ ಮೊನ್ನೆ ಅಚ್ಚಾದ ಕಾರ್ಡಿಗೆ ಸರಿಯಲ್ಲ. ಇನ್ನು ನನ್ನ ವಿಷಯಕ್ಕೆ ಬಂದರೆ, ನಾನು 10 ಕೊಳ್ಳುವುದಿಲ್ಲ. 8 ಕೊಳ್ಳುತ್ತೇನೆ.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ, ಅದರೊಳಗಿನ "ಅಷ್ಟೇ" ಎಂಬ ಮಾತಿನ ಮೇಲೆ. ಹಾಗೆ ಹೇಳುವವರಲ್ಲಿ ಒಬ್ಬರೂ ಕಾರ್ಡನ್ನು ಕೈಗೆ ತಗೊಂಡು ನೋಡಿರುವುದಿಲ್ಲ. ತೋರಿಸು ಅಂತಲೂ ಕೇಳುವುದಿಲ್ಲ. ಬೆಲೆ ಕೇಳುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಮುಗೀತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕಾರ್ಡನ್ನು ಗ್ರೇಡಿಂಗ್ ಕಂಪನಿಗೆ ಕಳಿಸುತ್ತೇವೆ. ಅವರು ಅಸಲಿಯೋ ನಕಲಿಯೋ ನೋಡಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಅದಕ್ಕೆ ನಾವು ಸ್ಲ್ಯಾಬ್ ಎನ್ನುತ್ತೇವೆ. ಅಮೆರಿಕದ ಪಿಎಸ್‌ಎ ಎಂಬ ಕಂಪನಿ 1991ರಿಂದ ಈ ಕೆಲಸ ಮಾಡುತ್ತಿದೆ. ಮೂಲೆ, ಅಂಚು, ಮೇಲ್ಮೈ, ಆಮೇಲೆ ಚಿತ್ರ ನಟ್ಟ ನಡುವೆ ಕೂತಿದೆಯಾ ಎಂಬುದು. ಮುಖ್ಯವಾಗಿ ನೋಡುವುದು ಇವಿಷ್ಟು.

ಈ ನಡುವಿನ ಲೆಕ್ಕ ಎಷ್ಟು ಸೂಕ್ಷ್ಮ ನೋಡಿ. ಎಡಬಲದ ಅಂಚು ಎರಡೂ ಸೇರಿ 5 ಮಿಲಿಮೀಟರ್ ಎಂದುಕೊಳ್ಳಿ. ಪಿಎಸ್‌ಎ 10 ಸಿಗಬೇಕಾದರೆ ಮುಂಬದಿಯಲ್ಲಿ ಅದು ಸುಮಾರು 55ಕ್ಕೆ 45ರ ಒಳಗಿರಬೇಕು. ಅಂದರೆ ಒಂದು ಕಡೆ 2.75, ಇನ್ನೊಂದು ಕಡೆ 2.25. ಅದೇ 60ಕ್ಕೆ 40 ಆಗಿ 3 ಮತ್ತು 2 ಬಂತೋ, ಅದು 9. ಚಿತ್ರ ಸರಿದದ್ದು ಕಾಲು ಮಿಲಿಮೀಟರ್. ಎರಡೂವರೆ ಜೆರಾಕ್ಸ್ ಹಾಳೆಯ ದಪ್ಪ.

ಆ ಎರಡೂವರೆ ಹಾಳೆಗೆ ಅಷ್ಟು ದುಡ್ಡಾ ಎಂದು ನನ್ನನ್ನು ಸರಿಯಾಗಿ ಹಿಡಿದವರು ನನ್ನ ಸೋದರಮಾವ ಒಬ್ಬರೇ. ಮಾವನದು ಮಾಟುಂಗಾದಲ್ಲಿ ಹೋಟೆಲ್. ಒಂದು ಮಧ್ಯಾಹ್ನ ಹೋದಾಗ ವಾಶಿ ಮಾರ್ಕೆಟ್‌ನಿಂದ ಗೋಡಂಬಿ ಬಂದಿತ್ತು. ಗಲ್ಲಾದ ಪಕ್ಕ ಡಬ್ಬ ಬಿಚ್ಚಿ, ಒಂದು ಹಿಡಿ ಸ್ಟೀಲ್ ತಟ್ಟೆಗೆ ಸುರಿದು, ಬೆರಳಲ್ಲಿ ಹರಡಿ ನೋಡುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

"ಕಾಗದದ ತುಂಡಿಗೆ ಸಂಬಳ ಹಾಕಿದ್ದೀಯಂತೆ, ಹೌದಾ ಮಾರಾಯ? 9 ಇದ್ದದ್ದು 10 ಆದರೆ ಆಟಗಾರ ಬದಲಾಗ್ತಾನಾ?"

ನನಗೂ ರೇಗಿತು. "ಮಾವ, ಇದು ಎಷ್ಟರ ಗೋಡಂಬಿ?" ಅಂದೆ.

"240."

"320 ಯಾಕೆ ತರಲಿಲ್ಲ? ರುಚಿ ಒಂದೇ ಅಲ್ವಾ?"

ಗೋಡಂಬಿ ವ್ಯಾಪಾರದಲ್ಲಿ 240 ಅಂದರೆ ಒಂದು ಪೌಂಡಿಗೆ 220ರಿಂದ 240 ಬೀಜ. 320 ಅಂದರೆ 300ರಿಂದ 320. ಸಂಖ್ಯೆ ಕಡಿಮೆಯಾದಷ್ಟೂ ಬೀಜ ದೊಡ್ಡದು, ಬೆಲೆ ಜಾಸ್ತಿ. ಹೋಳಾದ ಬೀಜಕ್ಕೆ ಕಡಿಮೆ, ತುಂಡಿಗೆ ಇನ್ನೂ ಕಡಿಮೆ. ಬಾಯಿಗೆ ಹಾಕಿಕೊಂಡರೆ ಎಲ್ಲ ಒಂದೇ. ನಾನು ಗೆದ್ದೆ ಅಂದುಕೊಂಡೆ.

ಮಾವ ಆಗ ತಲೆ ಎತ್ತಿದರು. "ರುಚಿ ಒಂದೇ. ಕಾಜು ಮಸಾಲಕ್ಕೆ ಇಡೀ ಬೀಜ ಎದ್ದು ಕಾಣಬೇಕು, ಅದಕ್ಕೆ 240. ಉಪ್ಪಿಟ್ಟಿಗೆ ನಾನು ತುಂಡೇ ಹಾಕೋದು. ನಿನ್ನ 10ನ್ನು ಯಾವುದಕ್ಕೆ ಹಾಕ್ತೀ? ಮತ್ತೆ ಇದನ್ನು ನಾನೂ ಎಣಿಸಬಹುದು, ನೀನೂ ಎಣಿಸಬಹುದು. ನಿಂದನ್ನು ಎಣಿಸಿದ್ದು ಯಾರು?"

ಆ ಹೊತ್ತಿಗೆ ನನ್ನ ಬಾಯಿ ಕಟ್ಟಿತು. ಎಷ್ಟೋ ದಿನ ಆ ಮಾತು ತಲೆಯಲ್ಲೇ ಕೊರೆಯಿತು. ಯಾಕೆಂದರೆ ಎರಡನೇ ಪ್ರಶ್ನೆ ಅಪ್ಪಟ ನಿಜ. ಗೋಡಂಬಿಯ ಗ್ರೇಡ್ ಲೆಕ್ಕ. ಕಾರ್ಡಿನ ಗ್ರೇಡ್ ಒಬ್ಬರ ಕಣ್ಣು ಆ ದಿನ ಕಂಡದ್ದು. ಅದಕ್ಕೇ ಜನ ಸ್ಲ್ಯಾಬ್ ಒಡೆದು ಅದೇ ಕಾರ್ಡನ್ನು ಮತ್ತೆ ಕಳಿಸುತ್ತಾರೆ. ಮುಲುಂಡಿನ ನನ್ನ ಗೆಳೆಯನ ಕಾರ್ಡ್ ಹಾಗೇ 9 ಆಗಿ ಹೋಗಿ 10 ಆಗಿ ಬಂತು. ಕಾರ್ಡಿನಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಬೆಲೆ ಮಾತ್ರ ಎಲ್ಲಿಂದ ಎಲ್ಲಿಗೋ.

ಇನ್ನೂ ದೊಡ್ಡ ಉದಾಹರಣೆ ಹೋನಸ್ ವ್ಯಾಗ್ನರ್ ಕಾರ್ಡ್. ನೂರು ವರ್ಷಕ್ಕೂ ಹಿಂದೆ ಸಿಗರೇಟ್ ಪ್ಯಾಕಿನ ಜೊತೆ ಬರುತ್ತಿದ್ದ ಬೇಸ್‌ಬಾಲ್ ಕಾರ್ಡ್ ಅದು. ಅದರ ಒಂದು ಪ್ರತಿಯನ್ನು ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ 1991ರಲ್ಲಿ 4,51,000 ಡಾಲರಿಗೆ ಕೊಂಡಿದ್ದರು. ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ್ದೂ ಅದನ್ನೇ. ಕೊಟ್ಟದ್ದು 8. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯಿತು. ಆಮೇಲೆ 2013ರಲ್ಲಿ, ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೋ ಅಂಚು ಕತ್ತರಿಸಿದ್ದು ತಾನೇ ಎಂದು ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ನಿಯಮದ ಪ್ರಕಾರ ಅಂಕವೇ ಸಿಗಬಾರದು. ಈ ಕಥೆ ಓದಿದ ಮೇಲೆ ನಾನು ಮೊದಲು ಕಾರ್ಡ್ ನೋಡುತ್ತೇನೆ, ಆಮೇಲೆ ಲೇಬಲ್.

ಹಾಗಾದರೆ ಎಲ್ಲ ಸುಳ್ಳಾ? ಅಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಜನಕ್ಕೆ ಕೇಳಿಸುವುದಿಲ್ಲ.

ಫ್ಲೀರ್ ಕಂಪನಿಯ 1986ರ ಬ್ಯಾಸ್ಕೆಟ್‌ಬಾಲ್ ಕಾರ್ಡ್ ಸೆಟ್ ತಗೊಳ್ಳಿ. 132 ಕಾರ್ಡ್, 57ನೆಯದು ಮೈಕೆಲ್ ಜೋರ್ಡನ್. ಅಂಚಿಗೆ ಕೆಂಪು, ಬಿಳಿ, ನೀಲಿ ಬಣ್ಣ. ಬಣ್ಣ ಕಾಗದದ ತುದಿಯವರೆಗೂ ಇರುವುದರಿಂದ ಒಂದು ಚೂರು ಎದ್ದರೂ ಒಳಗಿನ ಬಿಳಿ ಇಣುಕುತ್ತದೆ. ಮಕ್ಕಳು ರಬ್ಬರ್ ಬ್ಯಾಂಡ್ ಹಾಕಿ ಜೇಬಲ್ಲಿ ಇಟ್ಟುಕೊಂಡಿದ್ದ ಕಾರ್ಡುಗಳು ಅವು. ಇಷ್ಟು ವರ್ಷ ಮೂಲೆ ನಲುಗದೆ, ಅಂಚು ಏಳದೆ ಉಳಿಯುವುದು ಸುಲಭದ ಮಾತಲ್ಲ. ಆ ಜೋರ್ಡನ್ ಕಾರ್ಡಿಗೆ ಪಿಎಸ್‌ಎ 10 ಸಿಕ್ಕಿರುವುದು ಮುನ್ನೂರು ಚಿಲ್ಲರೆ ಪ್ರತಿಗೆ. 9 ಸಿಕ್ಕಿದ್ದು ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರತಿಗೆ. ಬೇಡುವವರು ಲೋಕದ ತುಂಬ ಇದ್ದಾರೆ. ಬೆಲೆ ಏರದೆ ಇರುತ್ತದಾ?

ಆದರೆ ಎಷ್ಟು ಏರಬೇಕು ಎಂಬುದಕ್ಕೆ ಮಿತಿ ಬೇಡವಾ? 2021ರ ಜನವರಿಯಲ್ಲಿ ಅದರ ಎರಡು 10ಗಳು ಹರಾಜಿನಲ್ಲಿ ತಲಾ 7,38,000 ಡಾಲರಿಗೆ ಹೋದವು. ಕೆಲವೇ ತಿಂಗಳಲ್ಲಿ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಕಾರ್ಡ್ ಕೆಟ್ಟಿರಲಿಲ್ಲ. ಅಂಕವೂ ಬದಲಾಗಿರಲಿಲ್ಲ. ಹಾಗಾದರೆ ಅಷ್ಟು ದಿನ ಜನ ಕೊಟ್ಟದ್ದು ಯಾವುದಕ್ಕೆ? ಪಕ್ಕದವನು ಇನ್ನೂ ಜಾಸ್ತಿ ಕೊಡುತ್ತಾನೆ ಎಂಬ ನಂಬಿಕೆಗೆ.

ಟಾಪ್ಸ್ ಕಂಪನಿಯ 1952ರ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡಿಗೂ ಅಂಕದಿಂದ ಬೆಲೆ ಹಾಗೇ ಏರಿತು. 2021ರಲ್ಲಿ ಪಿಎಸ್‌ಎ 9 ಪ್ರತಿ 52 ಲಕ್ಷ ಡಾಲರ್. 2022ರಲ್ಲಿ ಎಸ್‌ಜಿಸಿ ಎಂಬ ಬೇರೆ ಕಂಪನಿ 9.5 ಕೊಟ್ಟ ಪ್ರತಿ 1 ಕೋಟಿ 26 ಲಕ್ಷ ಡಾಲರ್. ಅರ್ಧ ಅಂಕಕ್ಕೆ ಎರಡು ಪಟ್ಟಿಗಿಂತ ಜಾಸ್ತಿ. ಆದರೂ ಇಲ್ಲಿ ನನಗೆ ತಕರಾರಿಲ್ಲ. ಅಷ್ಟು ಚೆಂದದ ಮ್ಯಾಂಟಲ್ ಬೆರಳೆಣಿಕೆಯಷ್ಟಿವೆ. ಹೊಸದಾಗಿ ಹುಟ್ಟುವುದೂ ಇಲ್ಲ.

ಹೊಸ ಕಾರ್ಡುಗಳ ಕಥೆ ಇದರ ಉಲ್ಟಾ. ಪ್ಯಾಕ್ ಒಡೆದ ಕೂಡಲೇ ಎಲ್ಲರೂ ಗ್ಲೌಸ್ ಹಾಕಿಕೊಂಡು ಕವರಿಗೆ ಸೇರಿಸುತ್ತಾರೆ. 10 ಬೇಕಾದಷ್ಟು ಸಿಗುತ್ತದೆ. 2021ರಲ್ಲಿ ನಾನೂ ಒಂದು ಹೊಸ 10 ಕೊಂಡೆ. ಆಮೇಲೆ ತಿಂಗಳು ತಿಂಗಳೂ ಅದರ 10ಗಳ ಲೆಕ್ಕ ಏರುತ್ತಾ ಹೋಯಿತು, ಬೆಲೆ ಇಳಿಯುತ್ತಾ ಹೋಯಿತು. ಮಾರಲು ಹೋದರೆ ಫೀ, ಕೊರಿಯರ್ ಕಳೆದು ಕೈಗೆ ಬಂದದ್ದು ಕೊಟ್ಟದ್ದರ ಕಾಲು ಭಾಗ. ಹೊಸ ಕಾರ್ಡಿನ 10ಕ್ಕೆ ದುಡ್ಡು ಸುರಿಯಬೇಡಿ ಎಂದು ಚಿಕ್ಕವರಿಗೆ ಕೈ ಮುಗಿದು ಹೇಳುತ್ತೇನೆ.

ಇಷ್ಟೆಲ್ಲ ಹೇಳಿದ್ದು ಬೆಲೆಯ ಬಗ್ಗೆ. ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದ ಪ್ರಶ್ನೆಯೇ ಬೇರೆ. ಅದನ್ನು ಕೇಳಿದ್ದು ಮಾವನ ಮೊಮ್ಮಗಳು, ಆರನೇ ಕ್ಲಾಸಿನವಳು. ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತಿದ್ದೆವು. ನನ್ನ ಬ್ಯಾಗಿನಲ್ಲಿ ಅದೇ 1986ರ ಸೆಟ್ಟಿನ ಹಕೀಮ್ ಒಲಾಜುವಾನ್ ಇತ್ತು, ಪಿಎಸ್‌ಎ 8. ಇಂಡಿಯನ್ ಜಿಮ್ಖಾನಾದ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಹುಡುಗರಾಗಿದ್ದಾಗ ನಾವೆಲ್ಲ ಜೋರ್ಡನ್ ಆಗಲು ಹೊರಟರೆ, ನಾನು ಎತ್ತರ ಇದ್ದದ್ದಕ್ಕೆ ಎಲ್ಲರೂ ಸೇರಿ ನನ್ನನ್ನು ಒಲಾಜುವಾನ್ ಮಾಡಿದ್ದರು. ಅವಳು ಸ್ಲ್ಯಾಬ್ ಕೈಗೆ ತಗೊಂಡು, ತಿರುಗಿಸಿ, ಕೇಳಿದಳು. "ಮಾಮ, ಇದು ಯಾಕೆ 10 ಅಲ್ಲ?"

ನನಗೆ ಎಷ್ಟು ಖುಷಿಯಾಯಿತು ಅಂದರೆ, ಕಾಫಿ ಆರುವುದನ್ನೂ ಮರೆತೆ. ಫೋನಿನ ಟಾರ್ಚ್ ಹಚ್ಚಿ ಪಕ್ಕದಿಂದ ಬೆಳಕು ಬಿಡುವುದು ಹೇಗೆ ಎಂದು ತೋರಿಸಿದೆ. ಮೇಲಿಂದ ಬಿಟ್ಟರೆ ಪ್ಲಾಸ್ಟಿಕ್ಕೇ ಹೊಳೆಯುತ್ತದೆ, ಏನೂ ಕಾಣುವುದಿಲ್ಲ. ಓರೆ ಮಾಡಿದರೆ ಗೀರು ಎದ್ದು ಬರುತ್ತದೆ. ಆಮೇಲೆ ಭೂತಗನ್ನಡಿ ಕೊಟ್ಟೆ. ಅವಳು ಮೊದಲು ಎಡಬಲದ ಅಂಚು ನೋಡಿದಳು. "ಈ ಕಡೆ ದಪ್ಪ, ಆ ಕಡೆ ಸಣ್ಣ." ಸರಿ. ಮೂಲೆಗಳು? ಮೂರು ಚೂಪಾಗಿದ್ದವು. ಬಲಗಡೆ ಕೆಳಗಿನದು ಸಾಸಿವೆಯ ತುದಿಯಷ್ಟು ಮೊಂಡು. ಕೊನೆಗೆ ಅಂಚಿನ ಬಣ್ಣದಲ್ಲಿ ಬಿಳಿ ಚುಕ್ಕೆ ಹುಡುಕಲು ಕೂತಳು.

"ಮೂರು!" ಎಂದು ಕೂಗಿದಳು.

ಮಾವ ಗಲ್ಲಾ ಬಿಟ್ಟು ಎದ್ದು ಬಂದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, "ಎಲ್ಲಿ, ಟಾರ್ಚ್ ಹಿಡಿ ನೋಡೋಣ" ಅಂದರು. ತುಂಬ ಹೊತ್ತು ಬಗ್ಗಿ ನೋಡಿದರು. ಸಪ್ಲೈಯರ್ ಬಿಲ್ ಹಿಡಿದು ಕಾಯುತ್ತಿದ್ದ.

"ಎರಡೇ ಇರೋದು" ಎಂದರು ಮಾವ.

"ಮೂರು ಅಜ್ಜ, ಸರಿಯಾಗಿ ನೋಡಿ!"