ಬೆಳಗಿನ ಜಾವದ ಹೊಟ್ಟೆನೋವು

ಮಳೆಗಾಲದ ನೈಟ್ ಡ್ಯೂಟಿ. ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಬೆಳಗಿನ ಜಾವ 4ರ ಹೊತ್ತಿಗೆ ಒಬ್ಬ ಹೆಂಗಸನ್ನು ಕರೆತಂದರು. ಹೊಟ್ಟೆನೋವು, ವಾಂತಿ. ‘ಗ್ಯಾಸ್ಟ್ರಿಕ್ ಇರ್ಬೇಕು ಸಿಸ್ಟರ್, ಒಂದು ಇಂಜೆಕ್ಷನ್ ಹಾಕಿ’ ಅಂದರು ಗಂಡ. ಬಿಪಿ, ನಾಡಿ ಸರಿಯಾಗಿದ್ದವು, ಆಕ್ಸಿಜನ್ 98. ಹೊಟ್ಟೆ ಒತ್ತಿದರೆ ಮೆತ್ತಗೇ ಇತ್ತು. ಆದರೆ ಮಾತಾಡುತ್ತಾ ಆಡುತ್ತಾ ಆಕೆಯ ರೆಪ್ಪೆಗಳು ಅರ್ಧಕ್ಕೆ ಇಳಿಯುತ್ತಿದ್ದವು. ನಿದ್ದೆಗಣ್ಣು ಅಂದುಕೊಂಡು ಬಿಟ್ಟುಬಿಡುವುದು ಬಹಳ ಸುಲಭ.

‘ರಾತ್ರಿ ಎಲ್ಲಿ ಮಲಗಿದ್ರಮ್ಮಾ?’

‘ನೆಲದ ಮೇಲೇ, ಚಾಪೆ ಹಾಸ್ಕೊಂಡು.’

ಇಷ್ಟು ಕೂಡಿಬಂದರೆ ನಿದ್ದೆಯಲ್ಲಿ ಕಟ್ಟುಹಾವು (ಕ್ರೈಟ್) ಕಡಿದಿದೆ ಅಂತಲೇ ತಿಳಿದು ಡಾಕ್ಟರನ್ನು ಎಬ್ಬಿಸಬೇಕು. ಕಡಿದ ಗುರುತು ಹುಡುಕುತ್ತಾ ಕೂರಬಾರದು. ಅದರ ಹಲ್ಲು ಸಣ್ಣದು, ಊತ ಬರುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ. ಒಣಗಿದ ಗಾಜಿನ ಟ್ಯೂಬಿನಲ್ಲಿ ಅಲುಗಾಡಿಸದೆ 20 ನಿಮಿಷ ಇಟ್ಟ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟಿತು. ಅದರಿಂದ ನೆಮ್ಮದಿಪಡುವಂತಿಲ್ಲ. ರಕ್ತ ಕೆಡಿಸುವುದು ಮಂಡಲದ ಹಾವುಗಳ ವಿಷ. ಕಟ್ಟುಹಾವಿನದು ನರ ಸ್ನಾಯುವನ್ನು ಸೇರುವ ಜಾಗಕ್ಕೆ ಹೋಗುತ್ತದೆ.

ಇಲ್ಲಿ ಪಲ್ಸ್ ಆಕ್ಸಿಮೀಟರನ್ನು ನಂಬಿ ಕೂರುವುದು ಅಪಾಯ. ಉಸಿರಾಟದ ಸ್ನಾಯು ಸೋಲತೊಡಗಿದರೂ ಅದರ ಅಂಕಿ ಬಹಳ ಹೊತ್ತು ಚೆನ್ನಾಗಿಯೇ ಕಾಣುತ್ತದೆ, ಬೀಳುವಾಗ ದಡದಡನೆ ಬೀಳುತ್ತದೆ. ಅದಕ್ಕೆ ಮೊದಲೇ ಹೇಳುವುದು ಕುತ್ತಿಗೆ ಮತ್ತು ಎಣಿಕೆ. ದಿಂಬಿನಿಂದ ತಲೆ ಎತ್ತಿಸಿ ನೋಡಬೇಕು. ಪೂರ್ತಿ ಉಸಿರು ಎಳೆದುಕೊಂಡು ಒಂದೇ ಉಸಿರಿಗೆ ಒಂದು, ಎರಡು ಅಂತ ಎಣಿಸಲು ಹೇಳಬೇಕು. ಮೊದಲ ಸಲ 22 ಬಂತು. ಕಾಲು ಗಂಟೆ ಬಿಟ್ಟು 17. ಆಮೇಲೆ 11, ತಲೆ ಎತ್ತಲೂ ಆಗಲಿಲ್ಲ, ಬಾಯಲ್ಲಿ ಜೊಲ್ಲು ನಿಲ್ಲತೊಡಗಿತು. ಆಗಲೂ ಆಕ್ಸಿಜನ್ 97! ‘ಪೇಷೆಂಟ್ ಸುಸ್ತಾಗಿದ್ದಾರೆ ಸರ್’ ಅಂದರೆ ಯಾರಿಗೂ ಏನೂ ತಿಳಿಯದು. ‘ಎಣಿಕೆ 22ರಿಂದ 11ಕ್ಕೆ ಇಳಿದಿದೆ’ ಅಂದರೆ ಉಸಿರಿನ ಟ್ಯೂಬ್ ಹಾಕುವ ತಯಾರಿ ಶುರುವಾಗುತ್ತದೆ.

ಇಷ್ಟರಲ್ಲಿ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಡ್ರಿಪ್, ನಡೆದೇ ಇತ್ತು, ಡಾಕ್ಟರ ಆರ್ಡರಿನಂತೆ 10 ವಯಲ್. ಒಂದೊಂದಕ್ಕೂ 10 ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಿ ಅಂಗೈಯಲ್ಲಿ ನಿಧಾನ ತಿರುಗಿಸಬೇಕು. ಅವಸರಕ್ಕೆ ಕುಲುಕಿದರೆ ನೊರೆ ಬಂದು ಮದ್ದು ಹಾಳು. ಟೆಸ್ಟ್ ಡೋಸ್ ಬೇಡ. ಅದರ ಬದಲು ಅರ್ಧ ಎಂಎಲ್ ಅಡ್ರಿನಲಿನ್ ಸಿರಿಂಜಿಗೆ ಎಳೆದು ತಲೆದೆಸೆಯಲ್ಲಿ ಇಟ್ಟುಕೊಂಡಿರಬೇಕು; ಎಎಸ್‌ವಿ ಒಗ್ಗದೆ ಮೈ ತುರಿಕೆ, ದದ್ದು, ಬಿಪಿ ಇಳಿತ ಕಂಡ ಕೂಡಲೇ ಡ್ರಿಪ್ ನಿಲ್ಲಿಸಿ ತೊಡೆಯ ಸ್ನಾಯುವಿಗೆ ಕೊಡುವುದಕ್ಕೆ. ಆದರೆ ಎಎಸ್‌ವಿ ಶುರುವಾಯಿತು, ಇನ್ನು ಭಯವಿಲ್ಲ ಎನ್ನುವಂತಿಲ್ಲ. ನರದ ತುದಿ ಆಗಲೇ ಹಾಳಾಗಿದ್ದರೆ ಅದನ್ನು ಮದ್ದು ಸರಿಮಾಡದು, ತಾನಾಗಿ ಚೇತರಿಸಿಕೊಳ್ಳಲು ದಿನಗಳೇ ಬೇಕು. ಅಲ್ಲಿಯವರೆಗೆ ಜೀವ ಉಳಿಸುವುದು ಉಸಿರು ಕೊಡುವ ಕೈ.

ಟ್ಯೂಬ್ ಹಾಕಿದ ಮೇಲೆ ಅಂಬು ಬ್ಯಾಗನ್ನು (ಕೈಯಲ್ಲಿ ಒತ್ತಿ ಉಸಿರು ತುಂಬುವ ಚೀಲ) ಐದಾರು ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ ಒತ್ತಬೇಕು. ಗಾಬರಿಯಲ್ಲಿ ಎಲ್ಲರ ಕೈಯೂ ಓಡುತ್ತದೆ, ಪಕ್ಕದಲ್ಲೊಬ್ಬರು ಬಾಯಿಬಿಟ್ಟು ಎಣಿಸುತ್ತಿದ್ದರೆ ಒಳ್ಳೆಯದು. ಇನ್ನೊಂದು ಮಾತು: ಕಣ್ಣು ಮುಚ್ಚಿ, ಕೈಕಾಲು ಆಡದೆ ಮಲಗಿದ್ದರೂ ಈ ರೋಗಿಗೆ ಎಲ್ಲವೂ ಕೇಳಿಸುತ್ತಿರಬಹುದು. ಮಂಚದ ಪಕ್ಕ ‘ಇನ್ನು ಕಷ್ಟ’ ಅನ್ನಬಾರದು. ‘ಅಮ್ಮಾ, ಕಫ ತೆಗೀತೀನಿ, ಸ್ವಲ್ಪ ಕೆಮ್ಮು ಬರುತ್ತೆ’ ಅಂತ ಹೇಳಿಯೇ ಸಕ್ಷನ್ ಮಾಡಬೇಕು.

ಜಿಲ್ಲಾ ಆಸ್ಪತ್ರೆಗೆ ಕಳಿಸುವಾಗ ಆಂಬುಲೆನ್ಸಿನಲ್ಲಿ ಆಕ್ಸಿಜನ್ ಸಿಲಿಂಡರ್ ಎಷ್ಟು ತುಂಬಿದೆ ಎಂದು ನೋಡಿ, ಸಕ್ಷನ್ ಓಡಿಸಿ ನೋಡಿ, ಬ್ಯಾಗ್ ಒತ್ತಲು ಬಲ್ಲ ಇಬ್ಬರನ್ನು ಹತ್ತಿಸಿದೆವು. ಒಬ್ಬರ ಕೈ ಅಷ್ಟು ದೂರ ತಡೆಯುವುದಿಲ್ಲ. ರೆಫರಲ್ ಚೀಟಿಯಲ್ಲಿ ಪ್ರತಿ ಎಣಿಕೆಯ ಪಕ್ಕ ಗಂಟೆ, ಕೊಟ್ಟ ವಯಲ್‌ಗಳು, ಟ್ಯೂಬ್ ತುಟಿಯ ಬಳಿ ಎಷ್ಟು ಸೆಂಟಿಮೀಟರಿಗೆ ನಿಂತಿದೆ ಎಂಬುದನ್ನೂ ಬರೆದುಕೊಟ್ಟೆವು.