ಮದುರೈ ಆಸ್ಪತ್ರೆಯಲ್ಲಿ ಅಮ್ಮನ ವಿಮೆ

ರಾಮೇಶ್ವರಕ್ಕೆ ಹೋದವರಿಗೆ ಗೊತ್ತು. ಮೊದಲು ಅಗ್ನಿತೀರ್ಥದಲ್ಲಿ ಸಮುದ್ರ ಸ್ನಾನ, ಆಮೇಲೆ ದೇವಸ್ಥಾನದೊಳಗಿನ 22 ತೀರ್ಥಗಳು. ಬಾವಿಕಟ್ಟೆ ಮೇಲೆ ನಿಂತವರು ನೀರು ಸೇದಿ ತಲೆ ಮೇಲೆ ಸುರಿಯುತ್ತಾರೆ, ಒದ್ದೆ ಬಟ್ಟೆಯಲ್ಲೇ ಮುಂದಿನ ಬಾವಿಗೆ ನಡೆಯಬೇಕು. ನೆಲವೆಲ್ಲ ನೀರು. ಅಲ್ಲಿ ಅಮ್ಮ ಜಾರಿ ಬಿದ್ದಳು. ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, "ಸೊಂಟದ ಹತ್ತಿರ ಮೂಳೆ ಮುರಿದಿದೆ, ಆಪರೇಷನ್ ತಡ ಮಾಡಬೇಡಿ, ಮದುರೈಗೆ ಹೋಗಿ" ಎಂದರು.

ಮದುರೈ ಅಲ್ಲಿಂದ ಸುಮಾರು 170 ಕಿ.ಮೀ. ಆಂಬ್ಯುಲೆನ್ಸ್‌ನಲ್ಲಿ ಕೂತು ನಾನು ವಿಮೆ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿದ್ದ ಅಕ್ಕ ಕಂಪನಿಯ ನೆಟ್‌ವರ್ಕ್ ಆಸ್ಪತ್ರೆಗಳ, ಅಂದರೆ ಕಂಪನಿಯ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳ ಪಟ್ಟಿ ತೆಗೆದಳು. ಅಲ್ಲಿ ಕ್ಯಾಶ್‌ಲೆಸ್ ಸಿಗುತ್ತದೆ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುತ್ತದೆ. ಪಟ್ಟಿಯಲ್ಲಿದೆ ಅಂತ ಸುಮ್ಮನಾಗಲಿಲ್ಲ, ಒಂದೊಂದು ಆಸ್ಪತ್ರೆಗೂ ಫೋನ್ ಮಾಡಿ, "ಈ ಕಂಪನಿಯ ಕ್ಯಾಶ್‌ಲೆಸ್ ಈಗಲೂ ಇದೆಯಾ?" ಎಂದು ಕೇಳಿದಳು. ಒಂದು ಕಡೆ ನಿಲ್ಲಿಸಿದ್ದರು. ಆ ಫೋನ್ ಮಾಡದಿದ್ದರೆ ನೋವಿನಲ್ಲಿ ನರಳುತ್ತಿದ್ದ ಅಮ್ಮನನ್ನು ಮತ್ತೆ ಇನ್ನೊಂದು ಬಾಗಿಲಿಗೆ ಸಾಗಿಸಬೇಕಾಗುತ್ತಿತ್ತು.

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿದ್ದ ಹುಡುಗಿ ಆಧಾರ್, ಪಾಲಿಸಿ ನಂಬರ್, ಎಕ್ಸ್‌ರೇ ವರದಿ ತೆಗೆದುಕೊಂಡು ಅರ್ಜಿ ಕಳಿಸಿದಳು. ಒಪ್ಪಿಗೆ ಬರುವ ತನಕ ಮುಂಗಡ ಕಟ್ಟಿ ಎಂದರು, ಕಟ್ಟಿದೆ. ನೆಟ್‌ವರ್ಕ್ ಆಸ್ಪತ್ರೆಯಾದರೂ ಕೈಯಲ್ಲಿ ಸ್ವಲ್ಪ ದುಡ್ಡು ಬೇಕೇ ಬೇಕು. ದೊಡ್ಡ ರೂಮು ಖಾಲಿ ಇದೆ ಎಂದರು, ಬೇಡ ಎಂದೆ. ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆ. ಅದನ್ನು ದಾಟಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಅದೇ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ.

ಆಮೇಲೆ ಕಂಪನಿಯಿಂದ ಪ್ರಶ್ನೆ ಬಂತು. "ರೋಗಿಗೆ ತಲೆಸುತ್ತು ಬಂದು ಬಿದ್ದಿದ್ದಾರೆ ಎಂದು ದಾಖಲೆಯಲ್ಲಿದೆ. ಬಿಪಿ ಎಷ್ಟು ವರ್ಷದಿಂದ ಇದೆ?" ನನಗೆ ಗಾಬರಿಯಾಯಿತು. ಕ್ಯಾಶುವಾಲಿಟಿಯಲ್ಲಿ ಅಮ್ಮ, "ಬಿದ್ದಾಗ ಕಣ್ಣು ಕತ್ತಲೆ ಬಂತು ಮಗಾ" ಎಂದಿದ್ದಳು. ಡ್ಯೂಟಿ ಡಾಕ್ಟರಿಗೆ ಕನ್ನಡ ಬರುವುದಿಲ್ಲ, ನನಗೆ ತಮಿಳು ಅರ್ಧಂಬರ್ಧ. ಕೇಸ್‌ಶೀಟಿನಲ್ಲಿ ಹಿಂದು ಮುಂದಾಗಿತ್ತು. ಕಾಲು ಜಾರಿ ಬಿದ್ದದ್ದು, ನೋವಿಗೆ ಕಣ್ಣು ಕತ್ತಲಾದದ್ದು ಆಮೇಲೆ. ತಲೆಸುತ್ತಿನಿಂದ ಬಿದ್ದರು ಅಂತಾದರೆ ಕಂಪನಿ ಅದನ್ನು ಹಳೆಯ ಬಿಪಿಗೆ ಜೋಡಿಸುತ್ತದೆ. ಹಳೆಯ ಕಾಯಿಲೆಗೆ ಕಾಯುವ ಅವಧಿ ಇರುತ್ತದಲ್ವಾ, ಅದು ಮುಗಿಯುವ ತನಕ ಆ ಕಾಯಿಲೆಯ ಖರ್ಚನ್ನು ಕಂಪನಿ ಕೊಡುವುದಿಲ್ಲ, ನಮ್ಮದು ಇನ್ನೂ ಮುಗಿದಿರಲಿಲ್ಲ. ಅಪಘಾತಕ್ಕೆ ಆ ತಡೆ ಇಲ್ಲ.

ಮೂಳೆ ಡಾಕ್ಟರರನ್ನೇ ಕಾದು ಹಿಡಿದೆ. ಅವರು ಅಮ್ಮನ ಹತ್ತಿರ ಕೂತು, ನಿಧಾನವಾಗಿ, ಕೈಸನ್ನೆ ಮಾಡಿ ಮತ್ತೆ ಕೇಳಿದರು. ಒದ್ದೆ ನೆಲ, ಚಪ್ಪಲಿ ಇರಲಿಲ್ಲ, ಜಾರಿದ್ದು, ಎಲ್ಲವನ್ನೂ ಸರಿಪಡಿಸಿ ಬರೆದು ತಾರೀಕು ಹಾಕಿ ಸಹಿ ಮಾಡಿದರು. ನಾನೂ ಬಿದ್ದದ್ದು ಹೇಗೆ ಎಂದು ಒಂದು ಹೇಳಿಕೆ ಬರೆದುಕೊಟ್ಟೆ. ಬಿಪಿ ವಿಷಯ ಪಾಲಿಸಿ ಮಾಡಿಸುವಾಗಲೇ ಅರ್ಜಿಯಲ್ಲಿ ಬರೆದಿದ್ದೆವು, ಅದರ ಪ್ರತಿಯನ್ನು ಅಕ್ಕ ಕಳಿಸಿದಳು. ಸಂಜೆಗೆ ಒಪ್ಪಿಗೆ ಬಂತು. ಮಾರನೇ ದಿನ ಆಪರೇಷನ್ ಆಯಿತು.

ಆ ಡಾಕ್ಟರರ ತಾಳ್ಮೆಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಬೇರೆ ಊರಿನಲ್ಲಿ ಆಸ್ಪತ್ರೆ ಸೇರಿದರೆ ಮೊದಲು ಬರೆದುಕೊಳ್ಳುವ ವಿವರವನ್ನು ಓದಿಸಿ ಕೇಳಿ. ಭಾಷೆ ಬಾರದಿದ್ದರೆ ಎರಡೂ ಬಲ್ಲವರನ್ನು ಕರೆಯಿರಿ. ಚಿಕಿತ್ಸೆಗೂ ಅದೇ ಆಧಾರ, ಕ್ಲೇಮಿಗೂ ಅದೇ ಆಧಾರ.

ಡಿಸ್ಚಾರ್ಜ್ ದಿನ ಮತ್ತೆ ಕಾಯಿಸಿದರು. ಬೆಳಿಗ್ಗೆ ಬಿಲ್ ಹೋಗಿತ್ತು, ಮಧ್ಯಾಹ್ನವಾದರೂ ಉತ್ತರವಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಸುತ್ತೋಲೆಯಲ್ಲಿ ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ 3 ಗಂಟೆ ಎಂದು ಗಡುವು ಹಾಕಿದೆ. 3 ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಅಕ್ಕ ಇದನ್ನೇ ಬರೆದು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿದಳು. ಸ್ವಲ್ಪ ಹೊತ್ತಿಗೇ ಒಪ್ಪಿಗೆ ಬಂತು. ವಯಸ್ಸಾದವರು ಬಟ್ಟೆ ಬದಲಿಸಿ, ಗಾಲಿಕುರ್ಚಿಯಲ್ಲಿ ಕೂತು ಒಂದು ಮೆಸೇಜಿಗಾಗಿ ಕಾಯುವುದು ನೋಡಿದರೆ ಸಿಟ್ಟು ಬರುತ್ತದೆ.

ಗ್ಲೌಸು, ಡೈಪರ್, ವಾಕರ್ ಇಂಥವಕ್ಕೆ ನಾವೇ ಕೊಟ್ಟೆವು. ಆಂಬ್ಯುಲೆನ್ಸ್‌ಗೆ ಪಾಲಿಸಿಯ ಮಿತಿಯಷ್ಟು ಮಾತ್ರ ಸಿಕ್ಕಿತು. ಮದುರೈಯಿಂದ ಮೈಸೂರಿಗೆ ಮಲಗಿಸಿಕೊಂಡು ಬಂದ ಗಾಡಿಯ ಖರ್ಚು ಪೂರ್ತಿ ನಮ್ಮದೇ. ಊರಿಗೆ ಬಂದ ಮೇಲಿನ ಔಷಧಿ, ಫಿಸಿಯೋಥೆರಪಿ ಬಿಲ್‌ಗಳನ್ನು ಡಾಕ್ಟರ್ ಚೀಟಿಯ ಜೊತೆ ಕಳಿಸಿದೆವು. ನಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ 60 ದಿನದವರೆಗಿನ ಖರ್ಚಿಗೆ ಅವಕಾಶವಿತ್ತು, ಆ ಹಣವೂ ಬಂತು.